ಕಳೆಯುವ ಚಂದ್ರ ದೊಡ್ಡಮ್ಮನಿಗೆ

ನಮ್ಮ ಮನೆಯ ಮೆಟ್ಟಿಲು ಅರ್ಧ ಹತ್ತಿದ ಮೇಲೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಆ ತಿರುವಿನ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ದಾರ ಕಟ್ಟಿ ನೇತುಹಾಕಿದ ಪಂಚಾಂಗ. ಅಪ್ಪನೂ ದೊಡ್ಡಪ್ಪನೂ ಮನೆಯನ್ನು ಪಾಲು ಮಾಡಿಕೊಂಡಾಗ ಪಾತ್ರೆಪಗಡೆ, ಮಂಚ, ಕಪಾಟು ಎಲ್ಲ ಪಾಲಾಗಿ, ಹಿತ್ತಲಿನ ನಲ್ಲಿಗೂ ಬೆಳಿಗ್ಗೆ ಅವರದು, ಸಂಜೆ ಇವರದು ಎಂದು ಹೊತ್ತು ಗೊತ್ತಾಯಿತು. ಪಾಲಾಗದೆ ಉಳಿದದ್ದು ಮೇಲಿನ ತಾರಸಿ, ಈ ಪಂಚಾಂಗ ಮತ್ತು ನಾನು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ, ಅಮ್ಮನಿಗೆ ನಾನೊಬ್ಬಳೇ. ಗೋಡೆಯ ಈ ಕಡೆ ಉಂಡು ಆ ಕಡೆ ಮಲಗುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ.

ಹೇಳಹೊರಟಿರುವುದು ದೊಡ್ಡಮ್ಮನ ಕತೆ. ಅವಳು ಹಾಸಿಗೆ, ದಿಂಬು, ರಜಾಯಿ ಹೊಲಿಯುತ್ತಿದ್ದಳು. ಅವಳ ಅಪ್ಪ ಹತ್ತಿ ಎಕ್ಕುವ ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿ ಬೀದಿ ಬೀದಿ ತಿರುಗುತ್ತಿದ್ದವನು. ಮಲಗಿ ಮಲಗಿ ಗಂಟುಗಟ್ಟಿದ ಹತ್ತಿಯನ್ನು ಬಿಲ್ಲಿನ ತಂತಿಯಿಂದ ಮೀಟಿ ಮೀಟಿ ಮತ್ತೆ ಹಗುರ ಮಾಡಿಕೊಡುವುದು ಅವನ ಕಸುಬು. ಗಂಡುಮಕ್ಕಳಿಗೆ ಅದು ಬೇಡವಾಯಿತು, ಬಿಲ್ಲು ಮಗಳ ಜೊತೆ ನಮ್ಮ ಮನೆಗೆ ಬಂತು. "ಎಲ್ಲರ ಮನೆಗೂ ಹೆಂಡತಿ ಬರ್ತಾಳೆ, ನಮ್ಮನೆಗೆ ಬೇಟೆಗಾರ ಬಂದ" ಎಂದು ದೊಡ್ಡಪ್ಪ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದ. ದೊಡ್ಡಪ್ಪ ಬಸ್ಸಿನಲ್ಲಿ ಕಂಡಕ್ಟರ್. ಮನೆಯಲ್ಲೂ ಯಾರನ್ನಾದರೂ ದಾಟಿ ಹೋಗುವಾಗ "ಸ್ವಲ್ಪ ಮುಂದೆ ಹೋಗಿ" ಎನ್ನುತ್ತಿದ್ದ.

ದೊಡ್ಡಮ್ಮನ ಅಳತೆಯೇ ಬೇರೆ. ಅವಳು ಟೇಪು ಮುಟ್ಟುತ್ತಿರಲಿಲ್ಲ. ಹಾಸಿಗೆ ಬೇಕೆಂದು ಬಂದವರು ಯಾರೇ ಆಗಲಿ ಹಜಾರದ ನೆಲದ ಮೇಲೆ ಮಲಗಬೇಕು. ಅಂಗಾತ ಮಲಗುತ್ತಾರೋ, ಮಗ್ಗುಲಾಗುತ್ತಾರೋ, ಮುದುಡಿಕೊಳ್ಳುತ್ತಾರೋ ನೋಡಿಕೊಂಡು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಕೊಳ್ಳೋರ ಗಾದೆ. ನಾನು ಹೊಲಿಯೋಳು. ಕಾಲು ಇದ್ದಷ್ಟು ಹಾಸಿಗೆ ಹೊಲೀತೀನಿ" ಎನ್ನುವಳು. ಒಂದು ಸಲ ಅಂಚೆಯವ ಕಾಗದದ ಚೀಲವನ್ನೇ ತಲೆಗಿಟ್ಟುಕೊಂಡು ಅಳತೆಗೆ ಮಲಗಿದವನು ಅಲ್ಲೇ ನಿದ್ದೆ ಹೋದ. ನಾನು ಎಬ್ಬಿಸಲು ಹೋದೆ. "ಬಿಡೇ ಪಾಪ. ಅಳತೆ ಈಗ ಸರಿಯಾಗಿ ಸಿಗ್ತಿದೆ" ಎಂದಳು. ಊರ ಕಾಗದಗಳೆಲ್ಲ ಸಂಜೆಯವರೆಗೆ ನಮ್ಮ ಹಜಾರದಲ್ಲೇ ಇದ್ದವು.

ಮಳೆ ಹಿಂದೆ ಸರಿದು, ಚಳಿ ಇನ್ನೂ ಹತ್ತಿರ ಬಾರದ ಆ ತಿಂಗಳುಗಳೇ ಅವಳ ವರ್ಷ. ಬಿಸಿಲು ಆಗ ಮೈಮೇಲೆ ಬೀಳುವುದಿಲ್ಲ, ಬಂದು ಪಕ್ಕದಲ್ಲಿ ಕೂರುತ್ತದೆ. ತಾರಸಿಯ ಮೇಲೆ ಗಾಳಿ ಇದೆಯೋ ಇಲ್ಲವೋ ಎಂಬಂತೆ ಇರುತ್ತದೆ. ದೊಡ್ಡಮ್ಮ ಬಾಯಿಗೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಬಿಲ್ಲು ಹಿಡಿದು, ಬಲಗೈಯ ಮರದ ಕೊಡತಿಯಿಂದ ತಂತಿಗೆ ಬಡಿಯುವಳು. ಡೊಂಯ್, ಡೊಂಯ್ ಎಂಬ ಆ ಒಂದೇ ಸದ್ದು ಮಧ್ಯಾಹ್ನದ ಮೇಲೆ ಹರಡಿಕೊಂಡು ಬೀದಿಗೆ ಬೀದಿಯೇ ತೂಕಡಿಸುವುದು. ಎದುರು ಮನೆಯ ಗಡಿಯಾರ ರಿಪೇರಿಯವ ಭೂತಗನ್ನಡಿ ಕಣ್ಣಿಗಿಟ್ಟುಕೊಂಡೇ ನಿದ್ದೆ ಮಾಡುವನು. ಹತ್ತಿಯ ಎಳೆಗಳು ಎದ್ದು ಬಿಸಿಲಿನಲ್ಲಿ ತೇಲುತ್ತಾ ಮೆಲ್ಲಗೆ ನನ್ನ ಕೂದಲ ಮೇಲೆ ಇಳಿಯುವುವು. ಜಗತ್ತಿನಲ್ಲಿ ಯಾವ ಅವಸರವೂ ಇಲ್ಲವೆಂದು ನಾನು ನಂಬಿದ್ದು ಅಲ್ಲಿಯೇ. ಆ ನಂಬಿಕೆ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ, ಆದರೂ ನನಗೆ ಅದೇ ಇಷ್ಟ.

ಅವಳ ಶರತ್ಕಾಲದ ಯೋಜನೆಯೆಲ್ಲ ಆ ಮೆಟ್ಟಿಲ ತಿರುವಿನಲ್ಲಿ ನಡೆಯುತ್ತಿತ್ತು. ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿಕೊಂಡು, ಬೆರಳು ಒದ್ದೆ ಮಾಡಿ ಪಂಚಾಂಗದ ಹಾಳೆ ತಿರುವುತ್ತಾ ಗಟ್ಟಿಯಾಗಿ ಓದುವಳು. ಕಳೆಯುವ ಚಂದ್ರನಲ್ಲಿ ಹಳೆ ಹಾಸಿಗೆ ಬಿಚ್ಚಬೇಕು, ಚಂದ್ರನ ಜೊತೆ ಹತ್ತಿಯೊಳಗಿನ ತೇವವೂ ಕಳೆಯುತ್ತದೆ. ಗೋಡೆಗೆ ಸುಣ್ಣ ಬಳಿಯುವುದೂ ಆಗಲೇ. ಬೆಳ್ಳುಳ್ಳಿ, ಮೂಲಂಗಿ, ನೆಲದೊಳಗೆ ಬೆಳೆಯುವಂಥವೆಲ್ಲ ಆಗಲೇ. ಬೆಳೆಯುವ ಚಂದ್ರನಲ್ಲಿ ಹೊಲಿಗೆ, ಕೂದಲ ತುದಿ ಕತ್ತರಿಸುವುದು, ಬಳ್ಳಿಗೆ ಚಪ್ಪರ. ಆದರೆ ಅವಳು ಪಂಚಾಂಗವನ್ನು ಪೂರಾ ನಂಬುವವಳೂ ಅಲ್ಲ. ಓದಿ ಮುಗಿಸಿ ಹಿತ್ತಲಿಗೆ ಹೋಗಿ ಇರುವೆಗಳನ್ನು ನೋಡುವಳು. ಅವು ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿದ್ದರೆ ಅಂದಿನ ಕೆಲಸ ನಾಳೆಗೆ. "ಪಂಚಾಂಗ ಬರೀ ಹೇಳುತ್ತೆ. ಸಹಿ ಹಾಕೋದು ಇರುವೆ" ಎನ್ನುವಳು.

ಇನ್ನು ಅಮ್ಮ. ಅಮ್ಮನದು ಬೀಜದ ವ್ಯಾಪಾರ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕುಂಬಳ, ಹುರುಳಿಕಾಯಿ, ಈರುಳ್ಳಿ, ಸಾಸಿವೆ, ಸೊಪ್ಪುಗಳ ಬೀಜ ಒಣಗಿಸಿ, ಜರಡಿ ಹಿಡಿದು, ಮೊರದಲ್ಲಿ ಕೇರಿ ಕಾಗದದ ಪೊಟ್ಟಣ ಕಟ್ಟುತ್ತಿದ್ದಳು. ಅವಳಿಗೂ ಬೇಕಾದದ್ದು ಅದೇ ತಾರಸಿ, ಅದೇ ಬಿಸಿಲು. ಹತ್ತಿ ಹಾರಿ ಬೀಜಕ್ಕೆ ಅಂಟುತ್ತದೆ, ಬೀಜ ಸಿಡಿದು ಹತ್ತಿಯೊಳಗೆ ಸೇರುತ್ತದೆ. ಆದರೂ ಮೊದಲು ಇಬ್ಬರೂ ತಾರಸಿಯ ಒಂದೊಂದು ಮೂಲೆ ಹಿಡಿದು ಹಾಡಿಕೊಂಡು ಕೆಲಸ ಮಾಡುತ್ತಿದ್ದರಂತೆ. ಅಮ್ಮ ಅವಳನ್ನು ಬಾಯ್ತುಂಬ "ಅಕ್ಕಾ" ಎಂದು ಕರೆಯುತ್ತಿದ್ದದ್ದು ನನಗೂ ಸ್ವಲ್ಪ ನೆನಪಿದೆ.

ಆಮೇಲೆ ಬೇಕರಿಯವರ ಹಾಸಿಗೆ ಬಂತು. ಬೇಕರಿಯವರ ಮಗಳ ಮದುವೆಗೆ ದೊಡ್ಡಮ್ಮ ಹೊಲಿದುಕೊಟ್ಟ ಜೋಡಿ ಹಾಸಿಗೆ ಅದು. ಹೊಸ ಗಂಡಹೆಂಡತಿ ಕಿಟಕಿ ತೆರೆದಿಟ್ಟು ಎಲ್ಲಿಗೋ ಹತ್ತು ದಿನ ಹೋಗಿದ್ದಾರೆ. ಅವರ ಹಿಂದೆಯೇ ಮಳೆ ಬಂದಿದೆ. ವಾಪಸು ಬಂದು ನೋಡಿದರೆ ಹಾಸಿಗೆ ಚಿಗುರಿತ್ತು! ಹೊಲಿಗೆಯ ಸಂದುಸಂದಿನಲ್ಲಿ ಸಾಸಿವೆ ಸಸಿ, ನಡುವೆ ತಲೆಯೆತ್ತಿ ನಿಂತ ಒಂದು ಹುರುಳಿಬಳ್ಳಿ. ಬೇಕರಿಯವ ಅದನ್ನು ಬ್ರೆಡ್ಡಿನ ಗಾಡಿಯ ಮೇಲೆ ಹಸಿರು ಮೇಲಾಗಿ ಹಾಸಿಕೊಂಡು ಊರೆಲ್ಲ ನೋಡುವಂತೆ ನಮ್ಮ ಬಾಗಿಲಿಗೆ ತಂದ. "ಗೊಬ್ಬರ ನೀವೇ ಹಾಕ್ತೀರಾ, ನಾವೇ ಹಾಕ್ಕೋಬೇಕಾ?" ಎಂದು ಕೇಳಿದ. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಹಾಸಿಗೆ ಬೆಳೆಯುವುದನ್ನು ನೋಡಿ ನಗದಿರಲು ಮಕ್ಕಳಿಗೆ ಸಾಧ್ಯವೇ?

ದೊಡ್ಡಮ್ಮ ನಗಲಿಲ್ಲ. "ನಿನ್ನ ಬೀಜಕ್ಕೆ ಬೇರೆ ಜಾಗ ಸಿಗಲಿಲ್ವೇನೇ?" ಎಂದು ಅಮ್ಮನ ಮೇಲೆ ರೇಗಿದಳು. ಅಮ್ಮನಿಗೂ ಆ ವರ್ಷ ಈರುಳ್ಳಿ ಬೀಜವೆಲ್ಲ ಹತ್ತಿ ಅಂಟಿ ಹಾಳಾಗಿತ್ತು, ಹೊಟ್ಟೆಯುರಿ ಒಳಗೇ ಇತ್ತು. ಬೀದಿಯವರೆಲ್ಲ ಕೇಳುವ ಹಾಗೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹತ್ತಿ ಹಿಂಜೋ ಕೈಗೆ ಬೀಜ ಸಿಗಲ್ಲ ಅಂದ್ರೆ ಬೀಜದ ತಪ್ಪಾ?" ಎಂದುಬಿಟ್ಟಳು. ಬೇರೆ ಏನು ಅಂದಿದ್ದರೂ ದೊಡ್ಡಮ್ಮ ಸಂಜೆಗೆ ಮರೆಯುತ್ತಿದ್ದಳು. ಅಮ್ಮ ಅಂದದ್ದು ಅವಳ ಕೈಯನ್ನು. ದೊಡ್ಡಮ್ಮ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಅಂದಿನಿಂದ ಓರಗಿತ್ತಿಯರು ಮಾತು ಬಿಟ್ಟರು.

ಮಾತು ಬಿಟ್ಟರು, ತಾರಸಿ ಬಿಡುವ ಹಾಗಿರಲಿಲ್ಲ. ಒಂದು ದಿನ ದೊಡ್ಡಮ್ಮ ಮೆಟ್ಟಿಲ ತಿರುವಿನಲ್ಲಿ ನಿಂತು ಗೋಡೆಗೆ ಹೇಳುವವಳ ಹಾಗೆ ಹೇಳಿದಳು: "ಹತ್ತಿಗೆ ಕಳೆಯೋ ಚಂದ್ರ ಆಗುತ್ತೆ. ಬೀಜಕ್ಕೆ ಬೆಳೆಯೋ ಚಂದ್ರ ಆಗುತ್ತೆ." ಕೆಳಗಿನಿಂದ ಅಮ್ಮ ಒಲೆಗೆ ಹೇಳುವವಳ ಹಾಗೆ "ಹಾಗೇ ಆಗ್ಲಿ" ಎಂದಳು. ಚಂದ್ರ ಪಾಲಾದದ್ದು ಹಾಗೆ. ಕೃಷ್ಣಪಕ್ಷದಲ್ಲಿ ತಾರಸಿ ದೊಡ್ಡಮ್ಮನದು, ಶುಕ್ಲಪಕ್ಷದಲ್ಲಿ ಅಮ್ಮನದು. ಹುಣ್ಣಿಮೆ, ಅಮಾವಾಸ್ಯೆ ಎರಡು ದಿನ ಯಾರದೂ ಅಲ್ಲ. ಆ ದಿನಗಳಲ್ಲಿ ತಾರಸಿ ಗುಡಿಸಿ ಖಾಲಿ ಬಿಡುತ್ತಿದ್ದರು. ಅವು ನನ್ನ ದಿನಗಳು. ನಾನು ಅಲ್ಲಿ ಅಂಗಾತ ಮಲಗಿ, ಹತ್ತಿಯೂ ಬೀಜವೂ ಇಲ್ಲದ ಬರೀ ಆಕಾಶ ನೋಡುತ್ತಿದ್ದೆ.

ಅಪ್ಪ, ದೊಡ್ಡಪ್ಪ ಇಬ್ಬರೂ ಮುಂದಿನ ಕಟ್ಟೆಯ ಮೇಲೆ ಕೂತು ಎಂದಿನಂತೆ ಟೀ ಕುಡಿದುಕೊಂಡೇ ಇದ್ದರು. "ಅವರ ಚಂದ್ರ, ಅವರ ಬಿಸಿಲು. ನಮಗ್ಯಾಕೆ" ಎನ್ನುವರು. ಆ ಟೀಯನ್ನು ಒಂದು ಹೊತ್ತು ಅಮ್ಮ, ಇನ್ನೊಂದು ಹೊತ್ತು ದೊಡ್ಡಮ್ಮ ಮಾಡಿ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ನಾನು ಬೆಳೆದೆ, ಓದಿದೆ, ಮದುವೆಯಾಗಿ ಹೋದೆ. ಹೊಸ ಪಂಚಾಂಗ ಒಂದು ವರ್ಷ ಇವಳು, ಇನ್ನೊಂದು ವರ್ಷ ಅವಳು ತಂದು ಅದೇ ಮೊಳೆಗೆ ಹಾಕುತ್ತಿದ್ದರು. ಯಾರೂ ತಪ್ಪಲಿಲ್ಲ.

ಹೆರಿಗೆಗೆಂದು ನಾನು ಅಮ್ಮನ ಮನೆಗೆ ಬಂದ ವರ್ಷದ ಮಾತು ಇನ್ನು ಮುಂದಿನದು.

ದೊಡ್ಡಮ್ಮನಿಗೆ ಆಗ ಕೆಮ್ಮು ಹತ್ತಿತ್ತು. ಜೀವಮಾನವೆಲ್ಲ ಕುಡಿದ ಹತ್ತಿಯ ಧೂಳು ಎದೆಯಲ್ಲಿ ಕೂತಿದೆ, ಬಿಲ್ಲು ಇಳಿಸಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳು ಬಂದ ಕೆಲಸವನ್ನೆಲ್ಲ ವಾಪಸು ಕಳಿಸಿ ಒಂದನ್ನು ಮಾತ್ರ ಇಟ್ಟುಕೊಂಡಿದ್ದಳು. "ನಿನ್ನ ಕೂಸಿಗೆ ಒಂದು ರಜಾಯಿ. ಆಮೇಲೆ ಬಿಲ್ಲು ಮೊಳೆಗೆ" ಎಂದಳು. ದೊಡ್ಡಪ್ಪ ಸುಮ್ಮನಿರುತ್ತಾನೆಯೇ? "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ, ಇವಳು ರಜಾಯಿಗೇ ಕೈ ಹಾಕಿದಾಳೆ!" ಎಂದ. ದೊಡ್ಡಮ್ಮ ನನ್ನ ಹೊಟ್ಟೆ ನೋಡಿ, "ಅಳತೆಗೆ ಮಲಗು ಅಂದ್ರೆ ಅದು ಈಗ್ಲೇ ಮಗ್ಗುಲಾಗಿ ಮಲಗಿದೆ. ನಮ್ಮ ಕಡೇದೇ" ಎಂದು ನಕ್ಕು, ನಗು ಕೆಮ್ಮಾಗಿ ಬಹಳ ಹೊತ್ತು ಕೂತುಬಿಟ್ಟಳು. ನನಗೆ ಭಯವಾಯಿತು.

ರಜಾಯಿಗೆ ಅವಳು ಹೊಸ ಹತ್ತಿ ತರಲಿಲ್ಲ. ತನ್ನ ಮದುವೆಯ ಹಾಸಿಗೆಯನ್ನೇ ಬಿಚ್ಚಿದಳು. ಅದು ಅವಳ ಅಪ್ಪ ಕೊನೆಯದಾಗಿ ಎಕ್ಕಿದ ಹತ್ತಿ. "ಹೊಸ ಹತ್ತಿಗೆ ಯಾರೂ ಗೊತ್ತಿರಲ್ಲ. ಹಳೇದಕ್ಕೆ ಮನುಷ್ಯರು ಗೊತ್ತು" ಎಂದಳು. ಪಂಚಾಂಗ ನೋಡಿ, ಕೃಷ್ಣಪಕ್ಷ ಶುರುವಾದ ದಿನವೇ, ಇರುವೆಯ ಸಹಿಯನ್ನೂ ಪಡೆದು ತಾರಸಿಯ ಮೇಲೆ ಹರಡಿದಳು. ಪಂಚಾಂಗ, ಇರುವೆ ಎರಡೂ ಕೈಕೊಟ್ಟವು. ಹೋದ ಮಳೆ ಮಧ್ಯಾಹ್ನಕ್ಕೆ ಏನೋ ಮರೆತವರ ಹಾಗೆ ವಾಪಸು ಬಂತು. ನಾನೂ ದೊಡ್ಡಪ್ಪನೂ ಎದ್ದುಬಿದ್ದು ತುಂಬುವಷ್ಟರಲ್ಲಿ ಹತ್ತಿ ನೆನೆದು ಮುದ್ದೆಯಾಗಿತ್ತು.

ಆ ಪಕ್ಷವಿಡೀ ಬಿಸಿಲೇ ಬರಲಿಲ್ಲ. ಊರಿನ ಬಣ್ಣವೆಲ್ಲ ಅಳಿಸಿ ಹೋದಂತೆ ಬೂದುಬಣ್ಣದ ಬೆಳಿಗ್ಗೆಗಳು. ಹತ್ತಿಯನ್ನು ಫ್ಯಾನಿನ ಕೆಳಗೆ ಹರಡಿದೆವು, ಒಲೆಯ ಪಕ್ಕ ಇಟ್ಟೆವು, ದೊಡ್ಡಪ್ಪ ಇಸ್ತ್ರಿಪೆಟ್ಟಿಗೆ ಹಿಡಿದು ಬಂದು ಬೈಸಿಕೊಂಡ. ಮುದ್ದೆಯ ಒಳಗಿನಿಂದ ಮುಗ್ಗಲು ವಾಸನೆ ಬರತೊಡಗಿತು. ಇನ್ನೊಂದು ವಾರ ಹೀಗೇ ಇದ್ದರೆ ಅದು ತಿಪ್ಪೆಗೆ. ಮುಂದಿನ ಕೃಷ್ಣಪಕ್ಷದ ಹೊತ್ತಿಗೆ ಚಳಿ ಬಿದ್ದಿರುತ್ತದೆ, ಚಳಿಯಲ್ಲಿ ಅವಳ ಎದೆ ಇನ್ನೂ ಕಟ್ಟುತ್ತದೆ. ಈಗಾದರೆ ಆಯಿತು, ಇಲ್ಲದಿದ್ದರೆ ಇಲ್ಲ. ಇದು ಅವಳಿಗೂ ಗೊತ್ತು, ನನಗೂ ಗೊತ್ತು, ಗೋಡೆಯ ಈಚೆ ಅಮ್ಮನಿಗೂ ಗೊತ್ತು.

"ಬಿಸಿಲು ಬಂದ ಕೂಡ್ಲೇ ಎರಡು ದಿನ ಅವಳಿಗೆ ಬಿಡಮ್ಮ" ಎಂದೆ.

ಅಮ್ಮ ಸಾಸಿವೆ ಕೇರುತ್ತಿದ್ದಳು. "ನನ್ನ ಬೀಜವೂ ಮಳೇಲಿ ಕೂತಿದೆ. ಬಿತ್ತೋರು ಬಾಗಿಲಲ್ಲಿ ನಿಂತಿದಾರೆ. ಆದ್ರೂ ಕೇಳ್ಲಿ. ಬಾಯಿಬಿಟ್ಟು ಕೇಳಿದ್ರೆ ಬಿಡ್ತೀನಿ."

ಆ ಕಡೆಗೆ ಹೋದೆ. "ಒಂದು ಮಾತು ಕೇಳು ದೊಡ್ಡಮ್ಮ. ಅವಳು ಬಿಡ್ತಾಳೆ."

"ಬೆಳೆಯೋ ಚಂದ್ರನಲ್ಲಿ ಹತ್ತಿ ಹರಡಿದ್ರೆ ಗಾಳಿಯ ನೀರೆಲ್ಲ ಕುಡಿಯುತ್ತೆ" ಎಂದಳು. ಹತ್ತಿಯ ಮುದ್ದೆಯನ್ನು ಮಗುಚಿ ಹಾಕಿ, "ನನ್ನ ಕೈ ಅಂದವಳ ಹತ್ರ ಕೈ ಚಾಚಲಾ?" ಎಂದಳು.

ನನಗೆ ಇಬ್ಬರ ಮೇಲೂ ಸಿಟ್ಟು ನೆತ್ತಿಗೇರಿತು. ನೆಲ ಪಾಲು ಮಾಡಿಕೊಳ್ಳುವವರನ್ನು ನೋಡಿದ್ದೇನೆ, ನೀರು ಪಾಲು ಮಾಡಿಕೊಳ್ಳುವವರನ್ನೂ. ಆಕಾಶದಲ್ಲಿರುವುದನ್ನು ಪಾಲು ಮಾಡಿಕೊಂಡು, ಅದರ ಬೇಲಿಗೆ ಮೈ ತರಚಿಕೊಂಡು ಕೂತವರು ಇವರಿಬ್ಬರೇ ಇರಬೇಕು.

ಅಮಾವಾಸ್ಯೆಯ ಬೆಳಿಗ್ಗೆ ಎಚ್ಚರವಾದಾಗ ಕಿಟಕಿಯ ಗಾಜು ಚಿನ್ನದ ಬಣ್ಣಕ್ಕಿತ್ತು. ಮಳೆ ಹೇಳದೆ ಕೇಳದೆ ಹೋಗಿತ್ತು. ತೊಳೆದಿಟ್ಟಂಥ ಆಕಾಶ, ಹೊಗೆಯಾಡುವ ಹೆಂಚುಗಳು, ಎದುರು ಮನೆಯ ತಂತಿಯ ಮೇಲೆ ಸಾಲಾಗಿ ಕೂತು ರೆಕ್ಕೆ ಒಣಗಿಸುವ ಪಾರಿವಾಳಗಳು. ಮಲಗಿದ್ದಲ್ಲೇ ನನಗೆ ಹೊಳೆಯಿತು. ಇವತ್ತು ಯಾರ ದಿನವೂ ಅಲ್ಲ. ಇವತ್ತು ನನ್ನ ದಿನ!

ಎದ್ದವಳೇ ದೊಡ್ಡಮ್ಮನ ಹಜಾರಕ್ಕೆ ಹೋಗಿ ಹತ್ತಿಯ ಮೂಟೆಯ ಕುತ್ತಿಗೆ ಹಿಡಿದು ಎಳೆದೆ. ನೀರು ಕುಡಿದ ಹತ್ತಿ, ಮೂಟೆ ಕಲ್ಲಿನ ಹಾಗಿತ್ತು. ಒಂದು ಮೆಟ್ಟಿಲು ಎಳೆಯುವುದು, ನಿಂತು ಉಸಿರು ಬಿಡುವುದು, ಇನ್ನೊಂದು ಮೆಟ್ಟಿಲು. ತುಂಬಿದ ಹೊಟ್ಟೆ ಹೊತ್ತು ತಿರುವಿನವರೆಗೆ ಬಂದೆ. ಪಂಚಾಂಗದ ಕೆಳಗೆ ಕಾಲು ಜಾರಿತು. ಬೀಳಲಿಲ್ಲ, ಗೋಡೆ ಹಿಡಿದುಕೊಂಡೆ. ಆದರೆ ಬಾಯಿಂದ ಬಂದ ಕೂಗು ಎರಡು ಮನೆಗೂ ಕೇಳಿಸಿತು.

ಅಮ್ಮ ಕೆಳಗಿನಿಂದ ಓಡಿ ಬಂದಳು. ಹಿತ್ತಲಿನಲ್ಲಿದ್ದ ದೊಡ್ಡಮ್ಮ ಕೆಮ್ಮುತ್ತಾ ಓಡಿ ಬಂದಳು. "ಬುದ್ಧಿ ಇದೆಯೇನೇ ನಿನಗೆ!" ಎಂದು ಇಬ್ಬರೂ ಒಟ್ಟಿಗೆ ಬೈದರು. ನನ್ನ ಕೈ ತಪ್ಪಿದ ಮೂಟೆ ಉರುಳತೊಡಗಿತ್ತು. ಅಮ್ಮ ಒಂದು ತುದಿ ಹಿಡಿದು ಕೂಗಿದಳು:

"ಅಕ್ಕಾ, ಆ ಕಡೆ ಹಿಡ್ಕೊಳ್ಳಿ!"

ದೊಡ್ಡಮ್ಮ ಆ ಕಡೆ ಹಿಡಿದುಕೊಂಡಳು.

ಆಮೇಲೆ ಇಬ್ಬರಿಗೂ ಗೊತ್ತಾಯಿತು. ಅಷ್ಟು ವರ್ಷ ಒಳಗೆ ಕೂತಿದ್ದ ಮಾತು, ಯಾರೂ ಕರೆಯದೆ ತಾನಾಗಿ ಹೊರಗೆ ಬಂದು ನಿಂತುಬಿಟ್ಟಿತ್ತು. ಮೂಟೆಯ ಎರಡು ತುದಿಯಲ್ಲಿ ಇಬ್ಬರೂ ನಿಂತರು. ಕೆಳಗೆ ಇಳಿಸುವುದೋ, ಮೇಲೆ ಹತ್ತಿಸುವುದೋ?

"ಇವತ್ತು ನನ್ನ ದಿನ. ನಾನು ಹೇಳ್ತೀನಿ. ಮೇಲೆ" ಎಂದೆ. ಇಬ್ಬರೂ ಮೇಲೆ ಹತ್ತಿದರು.

ಅಂದು ಸಂಜೆಗೆ ಹತ್ತಿ ಅರ್ಧ ಒಣಗಿತ್ತು. ನಿಯಮ ನಿಯಮವೇ ಎಂದು ದೊಡ್ಡಮ್ಮ ಅದನ್ನೆಲ್ಲ ತುಂಬಿ ಕೆಳಗಿಳಿಸಿದಳು. ನಾಳೆಯಿಂದ ಅಮ್ಮನ ಚಂದ್ರ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ ಕೇಳಿಸಿತು. ಬೀಜದ ಮೊರಗಳ ಸದ್ದಿಲ್ಲ. ಹೋಗಿ ನೋಡಿದರೆ ಅಮ್ಮ ಹತ್ತಿಯ ಮೂಟೆ ಹೊತ್ತು ಹತ್ತುತ್ತಿದ್ದಾಳೆ. ತಿರುವಿನಲ್ಲಿ ದೊಡ್ಡಮ್ಮ ಅಡ್ಡ ನಿಂತಿದ್ದಾಳೆ.

"ಇವತ್ತು ನಿಂದು" ಎಂದಳು ದೊಡ್ಡಮ್ಮ.

"ನಿನ್ನೆ ರಾತ್ರಿ ಚಂದ್ರ ಕಂಡನಾ?" ಎಂದಳು ಅಮ್ಮ.

"ಇಲ್ಲ."

"ಕಾಣದೇ ಇರೋನು ಬೆಳೆಯೋದು ಹೇಗೆ? ಕಂಡ ಮೇಲೆ ನನ್ನದು. ದಾರಿ ಬಿಡಿ, ಭಾರ ಇದೆ."

ದೊಡ್ಡಮ್ಮ ಪಂಚಾಂಗದ ಕಡೆ ನೋಡಿದಳು. ಅದರಲ್ಲಿ ಶುಕ್ಲಪಕ್ಷ ಎಂದು ಅಚ್ಚಾಗಿತ್ತು, ಅದು ಮೂವರಿಗೂ ಗೊತ್ತು. ಅವಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು.

ಆ ಎರಡು ಮೂರು ದಿನಗಳನ್ನು ನೆನೆದರೆ ನನಗೆ ಅವು ಒಂದೇ ಉದ್ದನೆಯ ಮಧ್ಯಾಹ್ನವಾಗಿ ಕಾಣುತ್ತವೆ. ತಾರಸಿಯ ತುಂಬ ಬಿಳಿ. ನಾನು ಗೋಡೆಗೊರಗಿ, ಕಾಲು ಚಾಚಿ, ಅರ್ಧ ನಿದ್ದೆ ಅರ್ಧ ಎಚ್ಚರದಲ್ಲಿ. ಹೊಟ್ಟೆಯೊಳಗೆ ಮಗು ಒಮ್ಮೊಮ್ಮೆ ಒದೆಯುತ್ತಿತ್ತು. ಅಮ್ಮ ಹತ್ತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೀಜ ಆರಿಸುವ ಕಣ್ಣಿನಿಂದ ಕಸ, ಕಡ್ಡಿ ಆರಿಸುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಬಹಳ ದಿನ ಮುಚ್ಚಿಟ್ಟ ನಲ್ಲಿ ತಿರುಗಿಸಿದಾಗ ಮೊದಲು ಗೊರಗೊರ ಸದ್ದು ಬಂದು ಆಮೇಲೆ ನಾಲ್ಕು ಹನಿ ಬರುತ್ತದಲ್ಲ, ಅಷ್ಟು ಮಾತ್ರ. ಒಂದು ಸಲ ದೊಡ್ಡಮ್ಮ ಕೇಳಿದಳು:

"ಸಾಸಿವೆ ಸಿಕ್ತಾ?"

ಅಮ್ಮ ತಲೆಯೆತ್ತಲಿಲ್ಲ. "ಇಲ್ಲ. ಸಿಕ್ಕಿದ್ರೆ ಬೇಕರಿಯವರಿಗೆ ಕಳಿಸೋಣ."

ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. "ಆ ಹುರುಳಿಬಳ್ಳಿ! ಕಾಯಿ ಬಿಡೋ ತನಕ ಕಾಯಬಹುದಿತ್ತು ಅವನು" ಎಂದು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಅಮ್ಮನೂ ನಕ್ಕಳು. ನಗುತ್ತಲೇ, "ನಿಮ್ಮ ಕೈ ಅನ್ನಬಾರದಿತ್ತು ಅಕ್ಕಾ" ಎಂದಳು. ದೊಡ್ಡಮ್ಮ ತನ್ನ ಮುಂದಿದ್ದ ಹತ್ತಿಯಲ್ಲಿ ಅರ್ಧ ಅಮ್ಮನ ಕಡೆ ಸರಿಸಿದಳು.

ಎಕ್ಕುವಾಗ ದೊಡ್ಡಮ್ಮನಿಗೆ ಉಸಿರು ಸಾಲಲಿಲ್ಲ. ಬಿಲ್ಲನ್ನು ಅವಳು ಹಿಡಿದಳು, ಕೊಡತಿ ಅಮ್ಮನ ಕೈಗೆ ಕೊಟ್ಟಳು. ಅಮ್ಮನ ಪೆಟ್ಟು ಒಂದು ಬೇಗ, ಒಂದು ತಡ. ಡೊಂಯ್. ಡೊಡೊಂಯ್. ಎದುರು ಮನೆಯ ಗಡಿಯಾರದವ ಅಷ್ಟು ವರ್ಷದಲ್ಲಿ ಮೊದಲ ಸಲ ನಿದ್ದೆಯಿಂದೆದ್ದು ಬಂದು ಮೇಲೆ ನೋಡಿದ.

ಎರಡನೆಯ ಸಂಜೆ ಹತ್ತಿ ಹೆಚ್ಚುಕಮ್ಮಿ ಹಗುರಾಗಿತ್ತು. ಇನ್ನೊಂದೇ ಬಿಸಿಲು ಬೇಕಿತ್ತು. ಪಡುವಣದಲ್ಲಿ ಬೆಳಕು ಕೇಸರಿಯಿಂದ ತಿಳಿಹಸಿರಿಗೆ ತಿರುಗುವ ಹೊತ್ತು, ನೀರಿನ ಟ್ಯಾಂಕಿನ ಪಕ್ಕದಲ್ಲಿ ಅವನು ಕಂಡ. ಉಗುರಿನ ತುದಿಯಷ್ಟು ಸಣ್ಣ ಗೆರೆ. ದೊಡ್ಡಮ್ಮ ನೋಡಿದಳು. ಅಮ್ಮನೂ ನೋಡಿದ್ದನ್ನು ನಾನು ನೋಡಿದೆ. ದೊಡ್ಡಮ್ಮ ಮೆಲ್ಲಗೆ ಹತ್ತಿಯನ್ನು ಮೂಟೆ ಕಡೆಗೆ ಒಟ್ಟತೊಡಗಿದಳು. ಅವಳ ಕೈ ಬಹಳ ನಿಧಾನವಾಗಿತ್ತು.

"ಏನಕ್ಕಾ, ಯಾಕೆ ತುಂಬ್ತೀರಿ?" ಎಂದಳು ಅಮ್ಮ.

"ಅಲ್ಲಿ..." ಎಂದು ದೊಡ್ಡಮ್ಮ ಗಲ್ಲದಿಂದ ತೋರಿಸಿದಳು.

ಅಮ್ಮ ಆ ಕಡೆಗೇ ನೆಟ್ಟಗೆ ನೋಡಿ, "ನನಗೇನೂ ಕಾಣಿಸ್ತಿಲ್ಲ. ಕನ್ನಡಕ ಕೆಳಗಿದೆ" ಎಂದಳು. ಅಮ್ಮ ಕನ್ನಡಕ ಹಾಕುವವಳೇ ಅಲ್ಲ.

ದೊಡ್ಡಮ್ಮ ತನ್ನ ದಾರ ಸುತ್ತಿದ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಹೌದು. ನನಗೂ ಕಾಣಿಸ್ತಿಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳ ಹಾಗೆ ಮಾಡಿದೆ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಬಹಳ ಸಲ ಆಗಿಲ್ಲ.

ಮರುದಿನದ ಬಿಸಿಲಿಗೆ ಹತ್ತಿ ಪೂರಾ ಒಣಗಿತು. ಶುಕ್ಲಪಕ್ಷದಲ್ಲಿ ದೊಡ್ಡಮ್ಮ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ರಜಾಯಿ ಹೊಲಿದಳು. ಅಮ್ಮನ ಈರುಳ್ಳಿ ಬೀಜ ಆ ದಿನಗಳಲ್ಲಿ ಮುಗ್ಗಿ ಹಾಳಾಯಿತು. ಅವಳು ಅದನ್ನು ಹಿತ್ತಲಲ್ಲಿ ಸುರಿದು ಬಂದು ಕೈ ತೊಳೆದುಕೊಂಡಳು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಬಾಗಿಲಿಗೆ ಬಂದವರಿಗೆ ಮಾತ್ರ "ಈ ಸಲ ಇಲ್ಲ" ಎಂದಳು. ಹುಣ್ಣಿಮೆಗೆ ಎರಡು ದಿನ ಮುಂಚೆ ಮಗಳು ಹುಟ್ಟಿದಳು. ನಿಜವಾಗಿ ಮಗ್ಗುಲಾಗಿಯೇ ಮಲಗುತ್ತಿದ್ದಳು. ದೊಡ್ಡಮ್ಮ ರಜಾಯಿ ಹೊದಿಸಿ, ಸುತ್ತ ಬೆರಳಿನಲ್ಲೇ ಗೆರೆ ಎಳೆದು ನೋಡಿ, "ಸರಿಯಾಗಿದೆ" ಎಂದಳು.

ಬಿಲ್ಲು ಮೊಳೆಗೆ ಹೋಯಿತು. ಚಳಿ ಕಳೆಯಿತು, ಬೇಸಿಗೆ ಬಂತು. ಅಮ್ಮ ಮತ್ತು ದೊಡ್ಡಮ್ಮ ಸಂಜೆ ಹೊತ್ತು ಮೆಟ್ಟಿಲ ಮೇಲೆ ಒಬ್ಬರು ಮೇಲಿನ ಮೆಟ್ಟಿಲು, ಒಬ್ಬರು ಕೆಳಗಿನ ಮೆಟ್ಟಿಲು ಹಿಡಿದು ಕೂತು, ಬಾಕಿ ಉಳಿದ ಮಾತನ್ನೆಲ್ಲ ಆಡುತ್ತಿದ್ದರಂತೆ. ದೊಡ್ಡಪ್ಪ ದಾಟುವಾಗ "ಸ್ವಲ್ಪ ಮುಂದೆ ಹೋಗಿ" ಎಂದರೆ ಇಬ್ಬರೂ ಬೈಯುತ್ತಿದ್ದರಂತೆ. ಯುಗಾದಿಗೆ ಸ್ವಲ್ಪ ಮುಂಚೆ, ಬೇಸಿಗೆಯ ಮೊದಲ ಮಳೆ ಬಿದ್ದ ವಾರ ದೊಡ್ಡಮ್ಮ ಹೋಗಿಬಿಟ್ಟಳು. ನಾನು ಮಗಳನ್ನೆತ್ತಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೊಡ್ಡಪ್ಪ ಕಟ್ಟೆಯ ಮೇಲೆ ಟೀ ಮುಂದಿಟ್ಟುಕೊಂಡು ಕೂತಿದ್ದ, ಕುಡಿದಿರಲಿಲ್ಲ.

ಮತ್ತೆ ಶರತ್ಕಾಲ ಬಂದಾಗ ಅಮ್ಮನಿಗೆ ಜೊತೆಯಾಗಿರೋಣವೆಂದು ಬಂದೆ. ಆ ವರ್ಷ ಬಿಸಿಲು ಮೊದಲೇ ಬಂದಿತ್ತು. ಅಡುಗೆಮನೆಯ ತುಂಬ ಬೀಜ. ಮಂಚದ ಕೆಳಗೆ, ಕಪಾಟಿನ ಮೇಲೆ, ಎಲ್ಲಿ ನೋಡಿದರೂ ಮೊರಗಳು. ತೇವಕ್ಕೆ ಒಂದೆರಡು ಮೊಳಕೆಯೊಡೆದೂ ಇದ್ದವು. ಮೇಲೆ ತಾರಸಿ ಗುಡಿಸಿ ಸ್ವಚ್ಛವಾಗಿ, ಬಿಸಿಲು ತುಂಬಿಕೊಂಡು, ಖಾಲಿ ಬಿದ್ದಿತ್ತು.

"ಇದೇನಮ್ಮ ಇದು? ಬಂಗಾರದಂಥ ಬಿಸಿಲು ಹಾಳಾಗ್ತಿದೆ. ಮೇಲೆ ಹಾಕೋದು ತಾನೆ?" ಎಂದು ರೇಗಿದೆ.

ಅಮ್ಮ ಮೊಳಕೆ ಬಂದ ಕಾಳನ್ನು ಬೇರೆ ಮಾಡುತ್ತಾ, "ಇದು ಅಕ್ಕನ ಪಕ್ಷ" ಎಂದಳು.

ಮೆಟ್ಟಿಲ ತಿರುವಿನಲ್ಲಿ ಹೊಸ ಪಂಚಾಂಗವಿತ್ತು. ಅದನ್ನು ತರುವ ಸರದಿ ಆ ವರ್ಷ ದೊಡ್ಡಮ್ಮನದು. ದೊಡ್ಡಪ್ಪ ತಂದು ಹಾಕಿದ್ದನಂತೆ.

ತೊಟ್ಟಿಲಲ್ಲಿ ಮಲಗಿದ್ದ ಮಗಳ ಮೇಲಿನಿಂದ ರಜಾಯಿ ಮೆಲ್ಲಗೆ ತೆಗೆದು, ಅವಳಿಗೆ ಬೇರೆ ಹೊದಿಸಿ, ಮೇಲಕ್ಕೆ ಒಯ್ದೆ. ಅಷ್ಟು ದೊಡ್ಡ ತಾರಸಿಯ ನಡುವೆ ಅಷ್ಟು ಚಿಕ್ಕ ರಜಾಯಿ ಹರಡಿ ಪಕ್ಕದಲ್ಲಿ ಕೂತೆ. ಬಿಸಿಲಿಗೆ ಹತ್ತಿ ಉಬ್ಬತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹತ್ತಿ ಬಂದಳು. ಬಗ್ಗಿ ರಜಾಯಿಯನ್ನು ಮುಟ್ಟಿ ನೋಡಿದಳು.

"ಇನ್ನೊಂದು ಮಗ್ಗುಲಿಗೆ ಹಾಕ್ಬೇಕು" ಎಂದಳು. "ಆ ಕಡೆ ಹಿಡ್ಕೋ."

ನಾನು ಆ ಕಡೆ ಹಿಡಿದುಕೊಂಡೆ.